ವಿಚಾರ್ ಅಂದರೆ ಕೇಳು

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಬರಹದಲ್ಲಿ ಬರುವ ಯಾವ ಕರೆಯೂ ನಿಜವಾಗಿ ಬಂದ ಹಾಗೇ ಇಲ್ಲ. ಊರು, ವಯಸ್ಸು, ಕೆಲಸ, ಫೋನ್ ಬಂದ ಹೊತ್ತು, ಎಲ್ಲ ಬದಲಿಸಿದ್ದೇನೆ. ಎರಡು ಮೂರು ಕರೆ ಸೇರಿಸಿ ಒಂದು ಮಾಡಿದ್ದೂ ಇದೆ. ಹೆಲ್ಪ್‌ಲೈನಿನ ಹೆಸರಾಗಲಿ ನನ್ನ ಕಾಲೇಜಿನ ಹೆಸರಾಗಲಿ ಹೇಳುವುದಿಲ್ಲ. ಅಮ್ಮನ ಹತ್ತಿರ ಹೇಳದ್ದನ್ನು ಇಲ್ಲಿ ಬರೆದರೆ ಹೇಗೆ, ಅಲ್ವಾ? ಬದಲಿಸದೆ ಬಿಟ್ಟದ್ದು ಒಂದೆರಡು ಶಬ್ದಗಳನ್ನು ಮಾತ್ರ. ಬರೆಯಲು ಕೂತದ್ದೇ ಆ ಶಬ್ದಗಳ ಬಗ್ಗೆ.

ನಾನು ಎಂಎಸ್‌ಡಬ್ಲ್ಯೂ, ಅಂದರೆ ಸೋಷಿಯಲ್ ವರ್ಕಿನ ಸ್ನಾತಕೋತ್ತರ ಪದವಿ, ಎರಡನೇ ವರ್ಷ. ಮನೆ ಮುಂಬಯಿ ಹತ್ತಿರದ ಡೊಂಬಿವಲಿ. ವಾರಕ್ಕೆ ಎರಡು ದಿನ, ಗುರುವಾರ ಮತ್ತು ಶುಕ್ರವಾರ, ನಮಗೆ ಫೀಲ್ಡ್ ವರ್ಕ್. ಕಳಿಸುವ ಸಂಸ್ಥೆಗೆ ಏಜೆನ್ಸಿ ಅನ್ನುತ್ತಾರೆ. ಮೊದಲ ವರ್ಷ ಗೋವಂಡಿ ಕಡೆಯ ಒಂದು ಬಸ್ತಿಯಲ್ಲಿ ರೇಷನ್ ಕಾರ್ಡು, ಶಾಲೆ ಬಿಟ್ಟ ಮಕ್ಕಳು, ನಲ್ಲಿ ನೀರಿನ ಜಗಳ ಅಂತ ಬಿಸಿಲಲ್ಲಿ ತಿರುಗಿದ್ದೆ. ಎರಡನೇ ವರ್ಷದ ಪಟ್ಟಿ ನೋಟಿಸ್ ಬೋರ್ಡಿಗೆ ಬಂದಾಗ ನನ್ನ ಹೆಸರಿನ ಎದುರು ಒಂದು ಕ್ರೈಸಿಸ್ ಹೆಲ್ಪ್‌ಲೈನ್, ಸಂಕಟದಲ್ಲಿರುವವರು ಫೋನ್ ಮಾಡುವ ಕಡೆ. ಗೆಳತಿಯರೆಲ್ಲ "ನಿನಗೇನಮ್ಮಾ, ಫ್ಯಾನ್ ಕೆಳಗೆ ಕೂತು ಮಾತಾಡೋ ಕೆಲಸ" ಅಂದರು. ನನಗೂ ಹಾಗೇ ಅನ್ನಿಸಿತ್ತು.

ಅಪ್ಪಯ್ಯ ಮಾತ್ರ ನಕ್ಕರು. ಅವರು ಮುಲುಂಡಿನ ಒಂದು ಹೋಟೆಲಿನಲ್ಲಿ ಗಲ್ಲೆ ಮೇಲೆ ಕೂರುತ್ತಾರೆ. ನಮ್ಮದು ಕುಂದಾಪುರ ಕಡೆ. ಮೊದಲ ವರ್ಷ "ಸಮಾಜ ಸೇವೆ ಮಾಡುಕೆ ಎರಡ್ ವರ್ಷ ಓದ್ಕಾ?" ಅಂತ ಕೇಳಿದವರು ಈ ಸಲ "ಫೋನಲ್ಲಿ ಮಾತಾಡುಕೂ ಕಾಲೇಜಾ?" ಅಂದರು. ನಾನು ಸಿಟ್ಟಿನಲ್ಲಿ ಒಂದು ಪಾಠವನ್ನೇ ಮಾಡಿದೆ. ಈ ದೇಶದಲ್ಲಿ ಸೋಷಿಯಲ್ ವರ್ಕ್ ಕಲಿಸುವ ಮೊದಲ ಕಾಲೇಜು 1936ರಲ್ಲಿ ಇದೇ ಮುಂಬಯಿಯ ನಾಗಪಾಡಾದಲ್ಲಿ ಶುರುವಾದದ್ದು, ಈಗ ದೇವನಾರ್‌ನಲ್ಲಿರುವ ಟಾಟಾ ಇನ್‌ಸ್ಟಿಟ್ಯೂಟ್ ಅದೇ. ಮಕ್ಕಳ ಸಹಾಯವಾಣಿ 1098 ಇದೆಯಲ್ಲ, ಅದೂ ಅಲ್ಲಿಂದಲೇ 1996ರಲ್ಲಿ ಹುಟ್ಟಿದ್ದು. ಮೊದಲು ಮುಂಬಯಿಯಲ್ಲಿ, ಆಮೇಲೆ ದೇಶಕ್ಕೆಲ್ಲ. ಹೀಗೆಲ್ಲ.

ಅಪ್ಪಯ್ಯ ಕೇಳಿಸಿಕೊಂಡರು. ಅವರು ಹದಿಮೂರನೇ ವಯಸ್ಸಿಗೆ ಫೋರ್ಟಿನ ಒಂದು ಹೋಟೆಲಿಗೆ ಕ್ಲೀನರ್ ಆಗಿ ಬಂದವರು. ಹಗಲು ಟೇಬಲ್ ಒರೆಸಿ, ರಾತ್ರಿ ಕನ್ನಡ ರಾತ್ರಿ ಶಾಲೆಗೆ ಹೋಗಿ ಎಸ್ಸೆಸ್ಸಿ ಮಾಡಿದವರು. "ಆಗ ಅದೆಲ್ಲ ಇರ್ಲಿಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಇದ್ದಿರೂ ನಾನು ಫೋನ್ ಮಾಡ್ತಿರ್ಲಿಲ್ಲ. ಹೋಟ್ಲಂದು ಒಂದೇ ಫೋನು. ಅದು ಗಲ್ಲೆ ಮೇಲೆ. ಗಲ್ಲೆಯಲ್ಲಿ ಸೇಠ್ರು."

ಮೊದಲ ಆರು ವಾರ ನನಗೆ ಒಂದೂ ಕರೆ ಕೊಡಲಿಲ್ಲ. ಕೊಟ್ಟದ್ದು ಒಂದು ಎಕ್ಸೆಲ್ ಶೀಟು. ರೆಫರಲ್ ಡೈರೆಕ್ಟರಿ ಅಂತ ಅದರ ಹೆಸರು. ಕರೆ ಮಾಡಿದವರನ್ನು ಮುಂದೆ ಎಲ್ಲಿಗೆ ಕಳಿಸಬೇಕು ಅನ್ನುವ ಪಟ್ಟಿ: ಹೆಂಗಸರ ಆಶ್ರಯ ಮನೆಗಳು, ಉಚಿತ ಕಾನೂನು ನೆರವು, ಸರ್ಕಾರಿ ಆಸ್ಪತ್ರೆಗಳ ಮನೋರೋಗ ಒಪಿಡಿ, ಕುಡಿತ ಬಿಡಿಸುವ ಕಡೆಗಳು. ಇನ್ನೂರ ಚಿಲ್ಲರೆ ನಂಬರು. ಒಂದೊಂದಕ್ಕೂ ಫೋನ್ ಮಾಡಿ "ನೀವು ಇದ್ದೀರಾ?" ಅಂತ ಕೇಳುವುದು ನನ್ನ ಕೆಲಸ. ಬೇರೆ ಕಡೆ ಹೋದವರು ಸಮೀಕ್ಷೆ, ಗುಂಪು ಸಭೆ ಅಂತ ಫೋಟೋ ಹಾಕುತ್ತಿದ್ದರು. ನಾನು ಸತ್ತ ನಂಬರುಗಳಿಗೆ ಕೆಂಪು ಬಣ್ಣ ಹಚ್ಚುತ್ತಿದ್ದೆ.

ಬೇಸರದ ಕೆಲಸ ಅಂದುಕೊಂಡಿದ್ದೆ. ಈಗ ಯೋಚಿಸಿದರೆ ಕ್ಲಾಸಿಗಿಂತ ಜಾಸ್ತಿ ಕಲಿತದ್ದು ಅಲ್ಲೇ. ಒಂದು ಕಡೆ ನಲವತ್ತು ಸಲ ರಿಂಗ್ ಆಗಿ ಕಟ್ ಆಗುತ್ತದೆ. ಒಂದು ಕಡೆ "ಆಧಾರ್ ಇಲ್ಲದಿದ್ದರೆ ತಗೊಳ್ಳಲ್ಲ" ಅನ್ನುತ್ತಾರೆ. ಗಂಡನಿಂದ ಹೊಡೆಸಿಕೊಂಡು ರಾತ್ರಿ ಓಡಿ ಬಂದವಳು ಆಧಾರ್ ಹಿಡಿದುಕೊಂಡು ಬರುತ್ತಾಳಾ? ಇನ್ನೊಂದು ಕಡೆ "ಜಾಗ ಇದೆ, ಗಂಡು ಮಗು ಏಳು ವರ್ಷ ದಾಟಿದ್ದರೆ ಬೇಡ." ಈ ಉತ್ತರಗಳನ್ನೆಲ್ಲ ಒಂದು ಕಾಲಮ್ ಮಾಡಿ ಬರೆದೆ. ಎಲ್ಲಕ್ಕಿಂತ ನೆನಪಿರುವುದು ಒಂದು ಝೆರಾಕ್ಸ್ ಅಂಗಡಿ. ಪಟ್ಟಿಯಲ್ಲಿ ಅದೊಂದು ಕುಟುಂಬ ಸಲಹಾ ಕೇಂದ್ರದ ನಂಬರು. ಕೇಂದ್ರ ಎಂದೋ ಜಾಗ ಬಿಟ್ಟಿದೆ, ಲೈನು ಅಂಗಡಿಯವನಿಗೆ ಬಂದಿದೆ. ಅವನು ನನ್ನ ಮಾತು ಅರ್ಧದಲ್ಲೇ ತಡೆದು, "ಕಲ್ಯಾಣಕ್ಕೆ ಹೋದರು ಮ್ಯಾಡಂ, ಹೊಸ ನಂಬರ್ ಬರೆದುಕೊಳ್ಳಿ" ಅಂತ ಗಡಗಡ ಹೇಳಿದ. ಬಾಯಿಪಾಠ ಆಗಿದೆ ಅವನಿಗೆ. ದಿನಕ್ಕೆ ಎಷ್ಟು ಜನ ಕೇಳುತ್ತಾರೆ ಅಂದೆ. "ಈಗ ಕಡಿಮೆ. ಮೊದಲು ಅಳುತ್ತಾ ಮಾಡ್ತಿದ್ರು. ನೀರು ಕುಡಿರಿ ಅಂತ ಹೇಳಿ ನಂಬರ್ ಕೊಡ್ತಿದ್ದೆ." ಅವನನ್ನು ಪಟ್ಟಿಯಿಂದ ತೆಗೆಯುವಾಗ ನಿಜವಾಗಿಯೂ ಬೇಜಾರಾಯಿತು.

ಆಮೇಲೆ ಕೇಳಿಸಿಕೊಳ್ಳುವ ಕೆಲಸ. ಎರಡನೇ ಹೆಡ್‌ಫೋನ್ ಹಾಕಿಕೊಂಡು, ಬಾಯಿ ಮುಚ್ಚಿಕೊಂಡು, ಕೌನ್ಸೆಲರ್ ಹೇಗೆ ಮಾತಾಡುತ್ತಾರೆ ಅಂತ ಕೇಳುವುದು. ಜನ ಅಂದುಕೊಳ್ಳುವ ಹಾಗೆ ದಿನವಿಡೀ ಸಾವಿನ ಮಾತೇ ಇರುವುದಿಲ್ಲ. ಪರೀಕ್ಷೆ, ಸಾಲ, ಸೊಸೆ, ಅತ್ತೆ, ಲೋನ್ ಆ್ಯಪಿನವರ ಬೆದರಿಕೆ. ಸುಮ್ನೆ ಹಿಡಿದುಕೊಂಡು ಏನೂ ಮಾತಾಡದ ಕರೆಗಳು ತುಂಬಾ. ಉಸಿರು ಮಾತ್ರ ಕೇಳುತ್ತದೆ, ಹಿಂದೆ ಕುಕ್ಕರ್ ಸೀಟಿ. ಅಂಥವರಿಗೆ "ನಾನಿದ್ದೇನೆ, ನಿಮಗೆ ಆದಾಗ ಮಾತಾಡಿ" ಅಂತ ಹೇಳಿ ಕಾಯಬೇಕು. ಕೊಳಕು ಮಾತಾಡಲೆಂದೇ ಫೋನ್ ಮಾಡುವ ಗಂಡಸರೂ ಇದ್ದಾರೆ. ಅವರನ್ನು ಎಷ್ಟು ಹೊತ್ತಿಗೆ, ಯಾವ ಮಾತು ಹೇಳಿ ಕತ್ತರಿಸಬೇಕು ಅನ್ನುವುದಕ್ಕೂ ನಿಯಮ ಇದೆ. ಅವರ ಬಗ್ಗೆ ಇಷ್ಟು ಸಾಕು.

ನನ್ನ ಏಜೆನ್ಸಿ ಸೂಪರ್‌ವೈಸರ್ ಸಾತಾರಾ ಕಡೆಯ ಮರಾಠಿಯವರು. ಎಲ್ಲರೂ ಅವರನ್ನು ತಾಈ ಅನ್ನುತ್ತಾರೆ. ಮರಾಠಿಯಲ್ಲಿ ಅಕ್ಕ. ನಾನು ಮನೆಯಲ್ಲಿ "ನಮ್ಮ ತಾಈ ಹೀಗಂದರು, ತಾಈ ಹಾಗಂದರು" ಅಂದಾಗಲೆಲ್ಲ ಅಮ್ಮ "ನಾನೊಬ್ಳು ಸಾಕಾಗಿಲ್ವಾ ಮಾರಾಯ್ತಿ" ಅನ್ನುತ್ತಿದ್ದರು.

ತರಬೇತಿಯ ಮೊದಲ ದಿನ ತಾಈ ಒಂದು ಕತೆ ಹೇಳಿದರು. ಇಂಗ್ಲೆಂಡಿನಲ್ಲಿ ಚಾಡ್ ವಾರಾ ಅಂತ ಒಬ್ಬ ಪಾದ್ರಿ. ಹೊಸದಾಗಿ ಕೆಲಸಕ್ಕೆ ಸೇರಿದಾಗ ಅವರು ಮಾಡಿಸಿದ ಮೊದಲ ಅಂತ್ಯಕ್ರಿಯೆ ಒಬ್ಬ ಹುಡುಗಿಯದು. ಅವಳಿಗೆ ಮುಟ್ಟು ಶುರುವಾಗಿತ್ತು. ಯಾವುದೋ ಕೆಟ್ಟ ರೋಗ ಬಂದಿದೆ ಅಂದುಕೊಂಡು ಜೀವ ಬಿಟ್ಟಿದ್ದಳು. ಕೇಳಲು ಯಾರೂ ಇರಲಿಲ್ಲ, ಹೇಳಲೂ ಇರಲಿಲ್ಲ. ಮುಂದೆ 1953ರಲ್ಲಿ ಅದೇ ಪಾದ್ರಿ ಲಂಡನ್ನಿನ ತನ್ನ ಚರ್ಚಿನಲ್ಲಿ ಒಂದು ಫೋನ್ ಇಟ್ಟು ಸಮಾರಿಟನ್ಸ್ ಶುರು ಮಾಡಿದರು. ನಾವು ಇವತ್ತು ಮಾಡುವುದೆಲ್ಲ ಅಲ್ಲಿಂದ ಬಂದದ್ದು. ಕತೆ ಕೇಳುವಾಗ ನನಗೆ ನಮ್ಮ ಅಜ್ಜಿ ಬಳಸುವ "ಹೊರಗೆ ಕೂರುವುದು" ಅನ್ನುವ ಮಾತು ನೆನಪಾಯಿತು. ಅದನ್ನು ಕೇಳಿ ಯಾವ ಹುಡುಗಿಗೆ ಏನು ಅರ್ಥವಾಗಬೇಕು?

ಆ ದಿನದ ಮುಖ್ಯ ಪಾಠ ಬೇರೆ. ಎದುರಿನವರ ಮಾತಿನಲ್ಲಿ ಸಾವಿನ ಸುಳಿವು ಕಂಡರೆ ನೇರವಾಗಿ ಕೇಳಬೇಕು. ಸುತ್ತಿ ಬಳಸಿ ಕೇಳಬಾರದು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೋಗುತ್ತದೆ ಅನ್ನುವುದು ತಪ್ಪು ನಂಬಿಕೆ, ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಹೇಳುತ್ತದೆ. ಕೇಳಿದಾಗ ಜನಕ್ಕೆ ಎದೆ ಹಗುರಾಗುವುದೇ ಹೆಚ್ಚು. ಪ್ರಶ್ನೆ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ, ಮರಾಠಿಯಲ್ಲಿ ಅಚ್ಚು ಹಾಕಿ ಕೊಟ್ಟಿದ್ದರು. ರೋಲ್ ಪ್ಲೇ ಮಾಡಿಸಿದರು. ಹಿಂದಿಯಲ್ಲಿ ನನಗೆ ಚೆನ್ನಾಗೇ ಬಂತು. ತಾಈ ಚಹಾ ಕುಡಿಯುತ್ತಾ ಸುಮ್ಮನೆ ಕೇಳಿದರು, "ನಿನ್ನ ಭಾಷೆಯಲ್ಲಿ ಹೇಗೆ ಕೇಳ್ತೀ?"

ಬಾಯಿ ತೆರೆದೆ. ಏನೂ ಬರಲಿಲ್ಲ.

"ನಿಮಗೆ ಆತ್ಮಹತ್ಯೆಯ ಆಲೋಚನೆಗಳು ಬರುತ್ತಿವೆಯೇ?" ಇದು ವಾರ್ತೆ ಓದುವವರ ಕನ್ನಡ. ಮೇಲಾಗಿ ಆ ಶಬ್ದದಲ್ಲೇ ಹತ್ಯೆ ಕೂತಿದೆ. ನೋವಿನಲ್ಲಿರುವವರ ಮುಂದೆ ಕೊಲೆ ಕೇಸಿನ ಮಾತು ಇಟ್ಟ ಹಾಗೆ. "ಏನಾದ್ರೂ ಮಾಡ್ಕೊಬೇಕು ಅನ್ನಿಸ್ತದಾ?" ಇದು ನಮ್ಮ ಮನೆಗಳ ಕನ್ನಡ. ಊರಲ್ಲಿ ಯಾರ ಬಗ್ಗೆಯಾದರೂ ಪಿಸುಗುಟ್ಟುವಾಗ "ಏನೋ ಮಾಡ್ಕೊಂಡ್ನಂತೆ" ಅನ್ನುತ್ತೇವಲ್ಲ, ಅದು. ಆದರೆ ಅದು ಮುಚ್ಚಿಡುವ ಮಾತು. ಕೇಳುವವಳೂ ಮುಚ್ಚಿ ಕೇಳಿದರೆ ಹೇಳುವವರು ತೆರೆದು ಹೇಳುತ್ತಾರಾ? ಇನ್ನು "ಸಾಯಬೇಕು ಅನ್ನಿಸ್ತಿದೆಯಾ?" ಅನ್ನೋಣ ಅಂದರೆ, ಕನ್ನಡದಲ್ಲಿ ನಾವು ದಿನಕ್ಕೆ ಹತ್ತು ಸಲ ಸಾಯುತ್ತೇವೆ. ನಗಾಡಿ ಸತ್ತೆ. ಸೆಕೆಯಲ್ಲಿ ಸತ್ತೆ. ಸಾಯ್ಲಿ ಬಿಡು. ಸತ್ತರೂ ಅವಳ ಮನೆಗೆ ಹೋಗಲ್ಲ. ಅಜ್ಜಿಯಂತೂ ಮೊಣಕಾಲು ನೋಯುವಾಗಲೆಲ್ಲ "ದೇವರು ಒಂದ್ಸಲ ಕರ್ಕೊಂಡ್ ಹೋಗ್ಬಾರ್ದಾ" ಅನ್ನುತ್ತಾರೆ, ಅದೇ ಬಾಯಲ್ಲಿ ನಾಳೆಗೆ ಇಡ್ಲಿಗೆ ಹಾಕಬೇಕಾ ಅಂತಲೂ ಕೇಳುತ್ತಾರೆ. ಇಷ್ಟು ಸವೆದುಹೋದ ಮಾತಿನಲ್ಲಿ ಆ ಪ್ರಶ್ನೆ ಕೇಳಿದರೆ ಪ್ರಶ್ನೆ ಅಂತ ತಿಳಿಯುತ್ತದಾ?

ಅಭ್ಯಾಸ ಮಾಡಲು ಶುರು ಮಾಡಿದೆ. ಮನೆಯಲ್ಲಿ ಆಗುವುದಿಲ್ಲ, ಒಂದೇ ರೂಮು, ಕಿಚನ್. ಲೋಕಲ್‌ನಲ್ಲಿ ಮಾಡಿದೆ. ಬೆಳಗಿನ ಫಾಸ್ಟ್ ಗಾಡಿ, ಲೇಡೀಸ್ ಡಬ್ಬಿ, ಬಾಗಿಲ ಹತ್ತಿರದ ನೂಕು. ಗಾಳಿಯ ಸದ್ದಿನಲ್ಲಿ ಯಾರಿಗೆ ಕೇಳುತ್ತದೆ, ಕೇಳಿದರೂ ಯಾರಿಗೆ ಅರ್ಥ ಆಗುತ್ತದೆ ಅಂದುಕೊಂಡು, ಕಿಟಕಿ ಕಡೆ ಮುಖ ಮಾಡಿ ಬೇರೆ ಬೇರೆ ಥರ ಹೇಳಿ ನೋಡುತ್ತಿದ್ದೆ. ಸಾಯಬೇಕು ಅನ್ನಿಸ್ತಿದೆಯಾ. ಜೀವ ಕಳ್ಕೊಬೇಕು ಅನ್ನಿಸ್ತಿದೆಯಾ. ಬದುಕೋದು ಬೇಡ ಅನ್ನಿಸ್ತಿದೆಯಾ. ಡೊಂಬಿವಲಿಯ ಗಾಡಿಯಲ್ಲಿ ಕನ್ನಡ ಯಾರಿಗೂ ಬರುವುದಿಲ್ಲ ಅಂದುಕೊಂಡ ನನ್ನ ಬುದ್ಧಿಗೆ ಏನನ್ನಬೇಕೋ.

ಠಾಣೆ ದಾಟಿದ ಮೇಲೆ ಯಾರೋ ನನ್ನ ಮೊಣಕೈ ಹಿಡಿದುಕೊಂಡರು. ಅಮ್ಮನ ವಯಸ್ಸಿನವರು. ಹತ್ತಿ ಸೀರೆ, ಮಡಿಲಲ್ಲಿ ಸ್ಟೀಲ್ ಡಬ್ಬಿಯ ಚೀಲ. "ಎಂತ ಮಗಾ? ಆಗಿಂದ ಸಾಯೋ ಮಾತೇ ಹೇಳ್ತಾ ಇದ್ದಿ. ನೀನು ಸಾಯ್ಲಿಕ್ಕೆ ಹೊರಟಿದ್ದಿಯಾ?"

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಉತ್ತರ ಬರುವವರೆಗೆ ಬಿಡುವುದಿಲ್ಲ ಅನ್ನುವ ಹಾಗೆ. ಕೈಯೂ ಬಿಡಲಿಲ್ಲ. "ಇಲ್ಲ ಆಂಟಿ, ಇಲ್ಲ, ಇದು ಕಾಲೇಜಿನ ಅಭ್ಯಾಸ" ಅಂದೆ. ನಂಬಲಿಲ್ಲ. ದಾದರ್‌ನಲ್ಲಿ ನನ್ನ ಜೊತೆಗೇ ಇಳಿದರು. ಅವರು ಇಳಿಯಬೇಕಾಗಿದ್ದದ್ದು ಹಿಂದೆ, ಘಾಟ್ಕೋಪರ್‌ನಲ್ಲಿ. ಪ್ಲಾಟ್‌ಫಾರ್ಮಿನ ಸ್ಟಾಲಿನಲ್ಲಿ ನನಗೆ ಚಹಾ ಕುಡಿಸಿ, ಐಡಿ ಕಾರ್ಡ್ ತೋರಿಸಿದ ಮೇಲೆ, ಹೆಲ್ಪ್‌ಲೈನ್ ಅಂದರೇನು ಅಂತ ಎರಡು ಸಲ ಕೇಳಿ ತಿಳಿದುಕೊಂಡ ಮೇಲೆ ಹೋದರು. ಹೋಗುವಾಗ "ಆದರೂ ನಿನ್ನ ಅಮ್ಮನ ನಂಬರ್ ಕೊಡು" ಅಂದರು. ಕೊಟ್ಟೆ. ಅಮ್ಮನಿಗೆ ಸಂಜೆ ಫೋನೂ ಮಾಡಿದ್ದರು.

ತಾಈಗೆ ಈ ಕತೆ ಹೇಳಿದಾಗ ಅವರು ನಗುತ್ತಲೇ, "ಅವರು ಹೇಗೆ ಕೇಳಿದರೋ ಹಾಗೇ ಕೇಳು" ಅಂದರು. ನಾನು ಅದನ್ನು ಡೈರಿಯಲ್ಲಿ ಬರೆದುಕೊಂಡೆ. ಆದರೆ ನನಗೆ ಹಿಡಿದುಕೊಳ್ಳಲು ಎದುರಿನವರ ಮೊಣಕೈ ಇರುವುದಿಲ್ಲವಲ್ಲ.

ಕನ್ನಡದ ಕರೆ ಬಂದದ್ದು ಮಳೆಗಾಲ ಮುಗಿದ ಮೇಲೆ. ಪಕ್ಕದ ಟೇಬಲಿನ ಕೌನ್ಸೆಲರ್ ನನ್ನ ಕಡೆ ಕೈ ಬೀಸಿ, "ತೆಲುಗು ಇರಬೇಕು, ನಿನಗೆ ಗೊತ್ತಾಗುತ್ತಾ ನೋಡು" ಅಂದರು. ಹೆಡ್‌ಫೋನ್ ಹಾಕಿದೆ. ಗಂಡಸಿನ ದನಿ. ಹಿಂದಿಯಲ್ಲಿ ಶುರು ಮಾಡಿದವರು ಅಳು ಬಂದಾಗ ಕನ್ನಡಕ್ಕೆ ಇಳಿದಿದ್ದರು. ವಿಜಯಪುರ ಕಡೆಯ ಕನ್ನಡ. ಟ್ರೇನಿಗಳು ಒಂಟಿಯಾಗಿ ಕರೆ ತೆಗೆದುಕೊಳ್ಳುವ ಹಾಗಿಲ್ಲ. ತಾಈ ಎರಡನೇ ಹೆಡ್‌ಫೋನ್ ಹಾಕಿಕೊಂಡು ಕಾಗದ, ಪೆನ್ನು ಹಿಡಿದು ಪಕ್ಕದಲ್ಲಿ ಕೂತರು. ಅವರಿಗೆ ಕನ್ನಡ ಒಂದಕ್ಷರ ಬರುವುದಿಲ್ಲ.

"ನಮಸ್ಕಾರ, ಕನ್ನಡದಲ್ಲೇ ಮಾತಾಡಿ" ಅಂದೆ. ಆ ಕಡೆ ಸುಮ್ಮನಾಯಿತು. ಮತ್ತೆ, "ಅಕ್ಕಾರ, ಭಾಳ ತ್ರಾಸ ಆಗೈತ್ರಿ."

ತಾಈ ತಲೆ ಎತ್ತಿದರು. ತ್ರಾಸ್ ಮರಾಠಿಯಲ್ಲೂ ಅದೇ. ಆ ಒಂದು ಶಬ್ದ ಅವರಿಗೆ ನನಗಿಂತ ಮೊದಲೇ ತಲುಪಿತ್ತು.

ಗೌಂಡಿ ಕೆಲಸದವರು. ಬೆಳಿಗ್ಗೆ ನಾಕಾದಲ್ಲಿ, ಕೂಲಿಯವರು ಸೇರುವ ಸರ್ಕಲ್ಲಿನಲ್ಲಿ, ನಿಂತರೆ ಯಾರಾದರೂ ಕರೆದುಕೊಂಡು ಹೋಗುತ್ತಿದ್ದರು. ಈಗ ಇಲ್ಲ. "ಎರಡ ತಿಂಗಳಾತು, ದಗದ ಇಲ್ರಿ" ಅಂದರು. ನಾನು ಕರಾವಳಿಯ ಮನೆಯವಳು, ಬೆಳೆದದ್ದು ಡೊಂಬಿವಲಿ. ದಗದ ಅನ್ನುವ ಶಬ್ದವನ್ನು ಜನ್ಮದಲ್ಲಿ ಕೇಳಿರಲಿಲ್ಲ. ದಗಾ ಅಂತ ಕೇಳಿಸಿತು. ತುಂಬಾ ಕನಿಕರದಿಂದ, "ಯಾರು ಮೋಸ ಮಾಡಿದ್ರು ಅಣ್ಣಾ?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮೂಗು ಸೇದುತ್ತಾ ನಕ್ಕ ಸದ್ದು. "ಮೋಸಾ ಅಲ್ರಿ ಅಕ್ಕಾರ. ದಗದ, ದಗದ. ಕೆಲಸಾರಿ." ನಾನೂ ನಕ್ಕೆ. "ನನಗೆ ಗೊತ್ತಿರಲಿಲ್ಲ, ಕ್ಷಮಿಸಿ" ಅಂದೆ. "ಇರ್ಲಿ ಬಿಡ್ರಿ" ಅಂದರು. ಸಮಾಧಾನ ಮಾಡಿದ್ದು ಅವರು, ನನಗೆ.

ಮತ್ತೆ ಮಾತು ಹರಿಯಿತು. ಮನೆಯಲ್ಲಿ ರೊಕ್ಕ ಕೇಳುತ್ತಾರೆ. ಕಳಿಸಲು ಇಲ್ಲ. ಊರಿಗೆ ಹೋಗಲು ಮುಖ ಇಲ್ಲ. "ಜೀವಾ ಬ್ಯಾಸರಾಗೈತ್ರಿ." ಅದಾದ ಮೇಲೆ ಒಂದು ಮಾತು ಅಂದರು, ಅದನ್ನು ಇಲ್ಲಿ ಬರೆಯುವುದಿಲ್ಲ. ನನಗೆ ಸುಳಿವು ಹತ್ತಿತು. ತಾಈ ನನ್ನ ಮುಖ ನೋಡಿ ಕಾಗದದ ಮೇಲೆ ದೊಡ್ಡದಾಗಿ ಒಂದು ಶಬ್ದ ಬರೆದರು: ವಿಚಾರ್.

ನನಗೆ ಗಲಿಬಿಲಿ. ಮುಂಬಯಿಯಲ್ಲಿ ಹುಟ್ಟಿ ಬೆಳೆದವಳು, ಮರಾಠಿ ನೀರು ಕುಡಿದ ಹಾಗೆ ಬರುತ್ತದೆ. ಆದರೆ ಕನ್ನಡದಲ್ಲಿ ಮಾತಾಡುತ್ತಿದ್ದ ತಲೆ ಅದನ್ನು ಕನ್ನಡದಲ್ಲೇ ಓದಿತು. ವಿಚಾರ? ಏನು ವಿಚಾರ? ಯೋಚನೆ ಮಾಡು ಅಂತಲಾ? ತಾಈ ಪೆನ್ನಿನಿಂದ ಶಬ್ದದ ಕೆಳಗೆ ಎರಡು ಗೆರೆ ಎಳೆದರು. ಆಗ ಹೊಳೆಯಿತು. ಮರಾಠಿಯಲ್ಲಿ ವಿಚಾರ್ ಅಂದರೆ ಕೇಳು.

"ಅಣ್ಣಾ, ಒಂದು ಮಾತು ನೇರ ಕೇಳ್ತೀನಿ. ಸಾಯಬೇಕು ಅಂತ ಅನ್ನಿಸ್ತಾ ಇದೆಯಾ ನಿಮಗೆ?"

ರೈಲಿನಲ್ಲಿ ಅಷ್ಟು ಸಲ ಹೇಳಿದ್ದ ಮಾತು. ಸವೆದ ಮಾತು ಅಂದುಕೊಂಡಿದ್ದೆ. ಆ ರೂಮಿನಲ್ಲಿ ಅದು ಹೊಸದಾಗಿ ಕೇಳಿಸಿತು, ನನ್ನ ಕಿವಿಗೇ. ಗೋಡೆಯ ಗಡಿಯಾರ ನೋಡುತ್ತಾ ಕೂತೆ. ಹನ್ನೊಂದು ಸೆಕೆಂಡು.

"ಹೂಂ" ಅಂದರು. ಉಸಿರು ಬಿಟ್ಟರು. ಆಮೇಲೆ, "ನೀವು ಯಾವೂರ್ನೋರ್ರಿ ಅಕ್ಕಾರ?"

ನಮ್ಮ ಕೈಪಿಡಿಯಲ್ಲಿ ಇದಕ್ಕೆ ಉತ್ತರ ಇದೆ. ನಿಮ್ಮ ಬಗ್ಗೆ ಹೇಳಬೇಡಿ, ಮಾತನ್ನು ಮೆಲ್ಲಗೆ ಅವರ ಕಡೆಗೆ ತಿರುಗಿಸಿ. ಸರಿಯಾದ ನಿಯಮವೇ. ಆದರೆ ಕನ್ನಡದವರು ಇಬ್ಬರು ಈ ಊರಲ್ಲಿ ಸಿಕ್ಕಿ ಯಾವೂರು ಅಂತ ಕೇಳದೆ, ಹೇಳದೆ ಮುಂದೆ ಹೋದದ್ದನ್ನು ನಾನು ನೋಡಿಲ್ಲ. "ಕುಂದಾಪುರ ಕಡೆ" ಅಂದೆ. "ಹಾಂ, ಸಮುದ್ರದ ಕಡಿ" ಅಂದರು. ಅಲ್ಲಿಂದ ಮುಂದೆ ಅವರು ಅಳಲಿಲ್ಲ.

ಮುಂದಿನ ಪ್ರಶ್ನೆಗಳು ಸಾಲಾಗಿ ಇರುತ್ತವೆ. ಎಷ್ಟು ದಿನದಿಂದ ಹೀಗೆ ಅನ್ನಿಸುತ್ತಿದೆ, ಇವತ್ತೇ ಅಂತ ಏನಾದರೂ ಯೋಚಿಸಿಟ್ಟಿದ್ದಾರಾ, ಮೊದಲು ಯಾವಾಗಲಾದರೂ ಹೀಗಾಗಿತ್ತಾ, ಈಗ ಪಕ್ಕದಲ್ಲಿ ಯಾರಿದ್ದಾರೆ. ಒಂದೊಂದೇ ಕೇಳಿದೆ, ತಾಈಗೆ ಮರಾಠಿಯಲ್ಲಿ ಗೀಚಿ ತೋರಿಸುತ್ತಾ ಹೋದೆ. ನಡುವೆ ಅವರಿಗೆ ಹೆದರಿಕೆ ಆಯಿತು. "ಪೊಲೀಸ್ರಿಗಿ ಹೇಳ್ತೀರೇನ್ರಿ?"

ಈ ಹೆದರಿಕೆ ಸುಮ್ಮನೆ ಬಂದದ್ದಲ್ಲ. ಹಳೆಯ ದಂಡ ಸಂಹಿತೆಯ 309ನೇ ಕಲಮಿನಲ್ಲಿ ಸಾಯುವ ಪ್ರಯತ್ನ ಮಾಡಿ ಬದುಕಿ ಉಳಿದವರಿಗೂ ಒಂದು ವರ್ಷದವರೆಗೆ ಜೈಲು ಅಂತ ಇತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಮು ಬಂದ ಮೇಲೆ, ಅಂಥವರು ವಿಪರೀತ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಶಿಕ್ಷೆ ಕೊಡಬಾರದು, ಸರ್ಕಾರ ಆರೈಕೆ ಕೊಡಬೇಕು ಅಂತಾಯಿತು. ನಾಕಾದಲ್ಲಿ ನಿಲ್ಲುವವರಿಗೆ ಈ ಸುದ್ದಿ ಯಾರು ಹೇಳಬೇಕು? ನಾನು ಕಲಮು ಗಿಲಮು ಹೇಳಲಿಲ್ಲ. "ಇದು ತಪ್ಪಲ್ಲ ಅಣ್ಣಾ, ಕಷ್ಟ. ಕಷ್ಟಕ್ಕೆ ಯಾರೂ ಕೇಸ್ ಹಾಕಲ್ಲ" ಅಂದೆ. ಗುಟ್ಟು ಕಾಯುತ್ತೇವೆ, ಆದರೆ ಜೀವಕ್ಕೆ ಈಗಲೇ ಅಪಾಯ ಅಂತ ಕಂಡರೆ ಸಹಾಯಕ್ಕೆ ಯಾರನ್ನಾದರೂ ಕರೆಯಬೇಕಾಗುತ್ತದೆ ಅನ್ನುವುದನ್ನೂ ಹೇಳಿದೆ. ಅದನ್ನು ಮುಚ್ಚಿಡುವ ಹಾಗಿಲ್ಲ. ಹೀಗೇ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಾದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ತಿಳಿಸಲೇಬೇಕು, ನಮಗೆ ಬೇರೆ ದಾರಿ ಇಲ್ಲ. ಹದಿನಾರರ ಹುಡುಗಿ "ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿ" ಅಂದರೆ ಏನು ಮಾಡಬೇಕು ಅನ್ನುವುದರ ಮೇಲೆ ನಮ್ಮ ತರಬೇತಿಯಲ್ಲಿ ಅರ್ಧ ದಿನ ಜಗಳ ಆಗಿತ್ತು. ಜಗಳ ಮುಗಿದಿಲ್ಲ.

ಪಕ್ಕದ ಲೈನಿನ ಖೋಲಿಯಲ್ಲಿ ಅವರ ಸೋದರಮಾವನ ಮಗ ಇದ್ದ. ರಾತ್ರಿ ಅಲ್ಲೇ ಮಲಗುತ್ತೇನೆ ಅಂದರು. "ಅವನಿಗೆ ಏನಂತ ಹೇಳ್ತೀರಿ?" ಅಂದೆ. ಇದು ತಾಈ ಕಲಿಸಿದ್ದು, ಯಾರನ್ನಾದರೂ ಹೋಗಿ ನೋಡಿ ಅಂದರೆ ಸಾಲದು, ಬಾಗಿಲು ತಟ್ಟಿದ ಮೇಲೆ ಮೊದಲ ವಾಕ್ಯ ಏನು ಅಂತ ಇಲ್ಲೇ ಹೇಳಿಸಬೇಕು. ಅವರು ಯೋಚಿಸಿ, "ಒಬ್ಬಾಂವ ಇರಾಕ ಆಗವಲ್ದು ಅಂತೀನ್ರಿ" ಅಂದರು. ಇದಕ್ಕಿಂತ ಒಳ್ಳೆಯ ವಾಕ್ಯ ನಮ್ಮ ಕೈಪಿಡಿಯಲ್ಲಿ ಇಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರನ್ನೂ ಬರೆಸಿದೆ. 14416. ಅಕ್ಟೋಬರ್ 2022ರಲ್ಲಿ ಶುರುವಾದದ್ದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, 20 ಭಾಷೆಗಳಲ್ಲಿ ಕನ್ನಡವೂ ಇದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಒಂದು ನಾಲ್ಕು, ನಾಲ್ಕು ಒಂದು ಆರು ಅಂತ ಅವರಿಂದ ಮೂರು ಸಲ ಹೇಳಿಸಿದೆ. ಮುಂದಿನ ಶುಕ್ರವಾರ ನಿಮಗೇ ಮಾಡುತ್ತೇನೆ ಅಂದರು.

ಮೂವತ್ತೆಂಟು ನಿಮಿಷ. ಹೆಡ್‌ಫೋನ್ ತೆಗೆದಾಗ ಕಿವಿ ಬಿಸಿಯಾಗಿತ್ತು. ತಾಈ ಏನೂ ಕೇಳದೆ ನನ್ನನ್ನು ಕೆಳಗೆ ಕರೆದುಕೊಂಡು ಹೋಗಿ ಒಂದು ವಡಾಪಾವ್ ಕೊಡಿಸಿದರು. ಮೊದಲು ಹೊಟ್ಟೆ, ಆಮೇಲೆ ಡಿಬ್ರೀಫಿಂಗ್, ಅಂದರೆ ಕರೆಯ ಬಗ್ಗೆ ಕೂತು ಮಾತಾಡುವುದು, ಅದು ಅವರ ಪದ್ಧತಿ.

ಮುಂದಿನ ಶುಕ್ರವಾರ ನಾನು ಊಟಕ್ಕೂ ಏಳಲಿಲ್ಲ. ಕರೆ ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ದಗದ ಸಿಕ್ಕಿರಬಹುದು. ಫೋನ್ ರಿಚಾರ್ಜ್ ಮುಗಿದಿರಬಹುದು. ಅವರು ಚೆನ್ನಾಗಿದ್ದಾರೆ ಅಂದುಕೊಳ್ಳಲು ನನ್ನ ಹತ್ತಿರ ಆಧಾರ ಇಲ್ಲ. ಇಲ್ಲ ಅಂದುಕೊಳ್ಳಲೂ ಇಲ್ಲ. ಬೇರೆ ಏಜೆನ್ಸಿಗಳಲ್ಲಿ ಕೇಸ್ ಮುಗಿಯುತ್ತದೆ, ಕಡತ ಮುಚ್ಚುತ್ತಾರೆ. ಇಲ್ಲಿ ಲೈನ್ ಕಟ್ ಆಗುತ್ತದೆ ಅಷ್ಟೆ. ಇದಕ್ಕೆ ಇನ್ನೂ ನಾನು ಹೊಂದಿಕೊಂಡಿಲ್ಲ.

ಕರೆಯಾದ ವಾರವೇ ರೆಕಾರ್ಡಿಂಗ್ ಬರೆಯಬೇಕಿತ್ತು. ಫೀಲ್ಡ್ ವರ್ಕಿನ ದೊಡ್ಡ ತಲೆನೋವು ಇದು. ಅವರು ಹೇಳಿದ್ದು ಒಂದು ಕಾಲಮ್, ನಾನು ಹೇಳಿದ್ದು ಒಂದು, ನನಗೆ ಅನ್ನಿಸಿದ್ದು ಇನ್ನೊಂದು. ಎಲ್ಲ ಇಂಗ್ಲಿಷಿನಲ್ಲಿ. ತ್ರಾಸ, ಬ್ಯಾಸರ, ಸಂಕಟ ಮೂರೂ ಇಂಗ್ಲಿಷಿಗೆ ಹೋಗಿ ಒಂದೇ ಶಬ್ದ ಆದವು. ದಗದ ಎಂಬ ಕಡೆ ನಾವಿಬ್ಬರೂ ನಕ್ಕದ್ದನ್ನು ಹೇಗೆ ಬರೆಯಲಿ? ಬರೆದೆ, ವಿವರಿಸಲು ಅರ್ಧ ಪುಟ ಹೋಯಿತು. ನಮ್ಮ ಕಾಲೇಜಿನ ಸೂಪರ್‌ವೈಸರ್ ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ "ಅನಗತ್ಯ ನಗು?" ಅಂತ ಗುರುತು ಹಾಕಿದರು. ಊರು ಹೇಳಿದ್ದಕ್ಕೆ ಇನ್ನೊಂದು ಗುರುತು. ಐಸಿಯಲ್ಲಿ, ಅಂದರೆ ವಾರಕ್ಕೊಮ್ಮೆ ಒಬ್ಬೊಬ್ಬರನ್ನೇ ಕೂರಿಸಿ ಮಾತಾಡುವಾಗ, ನಾನು ವಾದ ಮಾಡಿದೆ. ಊರು ಹೇಳಿದ್ದು ತಪ್ಪು ಅಂತ ಒಪ್ಪಿದೆ, ನಾಳೆ ಯಾರಾದರೂ ಹುಡುಕಿಕೊಂಡು ಬಂದರೆ ಕಷ್ಟ ನನಗೇ. ನಗುವಿನ ವಿಷಯ ಒಪ್ಪಲಿಲ್ಲ. ಅಂಕ ಎಷ್ಟು ಹೋಯಿತು ಅಂತ ಕೇಳಬೇಡಿ.

ಕರೆ ದಾಖಲಿಸುವ ಫಾರಮ್ಮಿನಲ್ಲೂ ಇದೇ ಕತೆ. ಭಾವನೆಗಳಿಗೆ ಕೋಡ್ ಇದೆ. ದುಃಖಕ್ಕೆ ಒಂದು, ಒಂಟಿತನಕ್ಕೆ ಒಂದು, ಆತಂಕಕ್ಕೆ, ಸಿಟ್ಟಿಗೆ, ಹತಾಶೆಗೆ. ನಮ್ಮ ಬೇಜಾರಿಗೆ ಯಾವ ಕೋಡ್? ಸಿನಿಮಾ ಚೆನ್ನಾಗಿಲ್ಲದಿದ್ದರೂ ಬೇಜಾರು, ಗೆಳತಿ ಮಾತು ಬಿಟ್ಟರೂ ಬೇಜಾರು, ಗಂಡ ಸತ್ತು ವರ್ಷವಾದವಳಿಗೂ ಬೇಜಾರು. ಮುಲುಂಡಿನ ಕಡೆಯ ಒಬ್ಬ ಅಮ್ಮ, ಅವರನ್ನೂ ಬದಲಿಸಿಯೇ ಹೇಳುತ್ತಿದ್ದೇನೆ, ಇಪ್ಪತ್ತು ನಿಮಿಷ ಮಾತಾಡಿ ಆ ಒಂದು ಶಬ್ದ ಬಿಟ್ಟು ಬೇರೆ ಏನೂ ಹೇಳಲಿಲ್ಲ. ಪ್ರತಿ ಸಲ ಬೇರೆ ದನಿ, ಬೇರೆ ಅರ್ಥ. ಕೊನೆಗೆ ನಾನು ಫಾರಮ್ಮಿನ "ಇತರೆ" ಖಾನೆಯಲ್ಲಿ ಬೇಜಾರು ಅಂತ ಹಾಗೇ ಬರೆಯಲು ಶುರು ಮಾಡಿದೆ. ತಿಂಗಳ ಕೊನೆಗೆ ವರದಿ ಮಾಡುವ ಹುಡುಗ ಬಂದು "ಇದೇನು ಹೊಸ ಕಾಯಿಲೆ?" ಅಂತ ಕೇಳಿದ.

ಅದರಿಂದಲೇ ಒಂದು ಹಾಳೆ ಮಾಡುವ ಯೋಚನೆ ಬಂತು. ತಾಈ ಒಪ್ಪಿದರು. ಎಡಗಡೆ ಕನ್ನಡ ಮಾತು, ನಡುವೆ ಅದು ಎಲ್ಲಿಯವರ ಮಾತು, ಬಲಗಡೆ ಮರಾಠಿಯಲ್ಲಿ ಅರ್ಥ. ದಗದ. ರೊಕ್ಕ. ಬ್ಯಾಸರ. ಸಂಕಟ, ಹೊಟ್ಟೆಯದೂ ಇರಬಹುದು ಮನಸ್ಸಿನದೂ ಇರಬಹುದು, ಕೇಳಿ ತಿಳಿಯಿರಿ. "ಸಾಕಾಗಿದೆ" ಅಂದರೆ ಅಲ್ಲಿಗೇ ಬಿಡಬೇಡಿ, ಏನು ಸಾಕಾಗಿದೆ ಅಂತ ಕೇಳಿ. "ಏನೋ ಮಾಡ್ಕೊಂಡ" ಅಂದರೆ ಆ ಏನೋ ಏನು ಅಂತ ಕೇಳಿ. ಉತ್ತರ ಕರ್ನಾಟಕದ ಶಬ್ದಗಳಿಗೆ ನಮ್ಮ ಬಿಲ್ಡಿಂಗಿನ ಕೆಳಗೆ ಇಸ್ತ್ರಿ ಮಾಡುವ ಕಲಬುರಗಿಯವರನ್ನು ಕೇಳಿದೆ. ಅವರು ಇಪ್ಪತ್ತು ಶಬ್ದ ಕೊಟ್ಟು, ಹದಿನೈದು ಬೈಗುಳ ಆದ್ದರಿಂದ ಅವರೇ ತೆಗೆಸಿದರು. ಅಪ್ಪಯ್ಯನೂ ಒಂದು ಸಂಜೆ ಕೂತು ಹೋಟೆಲ್ ಹುಡುಗರ ಮಾತು ಹೇಳಿದರು. "'ಊರಿಗೆ ಹೋಯ್ಕ್' ಅಂತ ಹುಡ್ಗ ನಾಲ್ಕ್ ಸಲ ಹೇಳ್ರೆ ರಜೆ ಕೇಳುದಲ್ಲ ಅದು" ಅಂದರು. ಅದನ್ನೂ ಬರೆದುಕೊಂಡೆ. ನೀವು ಹಾಗೆ ಎಷ್ಟು ಸಲ ಹೇಳಿದ್ದಿರಿ ಅಂತ ಕೇಳಿದೆ, ಅಪ್ಪಯ್ಯ ಚಾನೆಲ್ ಬದಲಿಸಿದರು. ಇನ್ನೊಂದು ಸಲ ಕೇಳಿದೆ. "ದಿನಾ" ಅಂದರು.

ನನ್ನ ಫೀಲ್ಡ್ ವರ್ಕ್ ಮಾರ್ಚಿಗೆ ಮುಗಿಯಿತು. ಹಾಳೆ ಲ್ಯಾಮಿನೇಟ್ ಆಗಿ ಮೂರನೇ ಟೇಬಲಿನ ಗಾಜಿನ ಕೆಳಗಿದೆ. ಹೊಸ ತಂಡದಲ್ಲಿ ಕನ್ನಡದವರು ಯಾರೂ ಇಲ್ಲ. ನಾಗಪುರದ ಒಬ್ಬ ಹುಡುಗಿ ಇದ್ದಾಳೆ, ಕೊನೆಯ ಎರಡು ದಿನ ನನ್ನ ಪಕ್ಕ ಕೂತು ಒಂದು ವಾಕ್ಯ ಕಲಿತಳು. "ಕಟ್ ಮಾಡಬೇಡಿ ಅಣ್ಣಾ, ಕನ್ನಡದವರನ್ನ ಕರೀತೀನಿ." ಹೆಂಗಸರಿಗೂ ಅಣ್ಣಾ ಅಂತಲೇ ಅನ್ನುತ್ತಾಳೆ, ತಿದ್ದಿದರೂ ಬಿಡುವುದಿಲ್ಲ. ಕರೆಯಲು ನನ್ನ ನಂಬರನ್ನು ಹಾಳೆಯ ಹಿಂದೆ ಬರೆದಿದ್ದಾರೆ. ನಿಯಮದ ಪ್ರಕಾರ ಇದಕ್ಕೆ ಇನ್ನೂ ಒಪ್ಪಿಗೆ ಬರಬೇಕು. ತಾಈ ಅರ್ಜಿ ಹಾಕಿದ್ದಾರೆ.